ಕೈಗುಣ

ಫೆಬ್ರವರಿ 2, ಸೋಮವಾರ

ಇವತ್ತಿನಿಂದ ಅಕ್ಕ ರಜೆ. ಒಡಹುಟ್ಟಿದವಳಲ್ಲ, ಆದರೂ ಇಡೀ ಲ್ಯಾಬಿಗೆ ಅವಳು ಅಕ್ಕ. ಲ್ಯಾಬ್ ನಡೆಸುವ ಮೇಷ್ಟ್ರು ಕೂಡ ಮೈಮರೆತಾಗ ಅಕ್ಕ ಅಂದುಬಿಟ್ಟು ಕೆಮ್ಮುತ್ತಾರೆ. ಅವಳ ಗಂಡ ಎಲೆಕ್ಟ್ರಿಷಿಯನ್. ಹೋದ ವಾರ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಮೂರು ತಿಂಗಳು ಒಬ್ಬರು ಪಕ್ಕದಲ್ಲೇ ಇರಬೇಕಂತೆ.

ಹೋಗುವ ಮುಂಚೆ ನನ್ನನ್ನು ಹದಿನೆಂಟು ಡಿಗ್ರಿಯ ಕೋಣೆಗೆ ಕರೆದುಕೊಂಡು ಹೋಗಿ ತನ್ನ ಟ್ರೇ ತೋರಿಸಿದಳು. ಇಪ್ಪತ್ತನಾಲ್ಕು ಗುಳಿ, ಪ್ರತಿ ಗುಳಿಯ ಮೇಲೂ ಒಂದು ಗಾಜಿನ ಬಿಲ್ಲೆ, ಬಿಲ್ಲೆಯ ಕೆಳಗೆ ನೇತಾಡುವ ಒಂದು ಹನಿ.

"ನೋಡೇ, ಏನೂ ಮಾಡ್ಬೇಡ. ಸೋಮವಾರಕ್ಕೊಂದ್ಸಲ ಮೆಲ್ಲಗೆ ಎತ್ಕೊಂಡು ಹೋಗಿ ಮೈಕ್ರೋಸ್ಕೋಪಲ್ಲಿ ನೋಡು. ಕಂಡಿದ್ದನ್ನ ಬರೆದಿಡು. ಅಷ್ಟೇ."

ಬರೆಯಲು ಒಂದು ತೆಳ್ಳನೆ ನೋಟ್‌ಬುಕ್ ಕೊಟ್ಟಳು. ಸೋಮವಾರಗಳ ತಾರೀಕು ಹಾಕಿ, ಸ್ಕೇಲಿಟ್ಟು ಗೆರೆಯನ್ನೂ ಎಳೆದಿದ್ದಾಳೆ. ನನ್ನನ್ನು ಏನಂದುಕೊಂಡಿದ್ದಾಳೋ! ಎಂಟು ವರ್ಷದ ಮಗುವಿಗೂ ಇಷ್ಟು ಗೆರೆ ಎಳೆದು ಕೊಡುವುದಿಲ್ಲ.

ಅವಳ ಟ್ರೇಯಲ್ಲಿ ಏನೂ ಬರುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ಪೆಪ್ಟೈಡು ನಾಲ್ಕೇ ನಾಲ್ಕು ಅಮೈನೋ ಆಮ್ಲಗಳನ್ನು ಪೋಣಿಸಿದ ತುಂಡು ಸರ. ನೀರಿಗೆ ಬಿದ್ದರೆ ಸಾಕು, ಯಾರೂ ಕರೆಯದೆ ಒಂದರ ಪಕ್ಕ ಒಂದು ಬಂದು ನಿಂತು ನೂಲಾಗುತ್ತದೆ; ನೂಲಿಗೆ ನೂಲು ಹೆಣೆದು ನಿಮಿಷದೊಳಗೆ ಲೋಳೆ. ಆ ಲೋಳೆಯನ್ನು ಸುಟ್ಟ ಗಾಯಕ್ಕೆ ಹಚ್ಚುವ ಕಾಲ ಬರುತ್ತದೆ ಎನ್ನುವುದು ಮೇಷ್ಟ್ರ ಕನಸು. ಆದರೆ ಯಾವ ಅಣು ಯಾವುದರ ಕೈಯನ್ನು ಹೇಗೆ ಹಿಡಿದಿದೆ ಎಂದು ಕಾಣಬೇಕಾದರೆ ಹರಳು ಬೇಕು, ಹರಳಿಗೆ ನಿಧಾನ ಬೇಕು. ಇದಕ್ಕೋ ಗುಂಪು ಕಟ್ಟುವ ಹುಚ್ಚು. ಎರಡು ವರ್ಷದಿಂದ ನಾವಿಬ್ಬರೂ ಲೋಳೆ ತೊಳೆಯುತ್ತಿದ್ದೇವೆ.

ಜೂನ್‌ನಿಂದ ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಮಾತ್ರ ಮುಂದುವರಿಯುತ್ತದೆ. ಹರಳು ತಂದವರಿಗೆ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ಫೆಬ್ರವರಿ 16, ಸೋಮವಾರ

ಅಕ್ಕನ ಟ್ರೇ ನೋಡಲು ಮರೆತೆ. ಹೋದ ಸೋಮವಾರವೂ. ನನ್ನ ಟ್ರೇಗಳೇ ನನ್ನ ಪ್ರಾಣ ಹಿಂಡುತ್ತಿವೆ, ಇನ್ನು ಬೇರೆಯವರದ್ದು ಯಾರು ನೋಡುತ್ತಾರೆ? ನಾಳೆ ನೋಡಿದರಾಯಿತು. ಹರಳಿಗೆ ವಾರದ ಹೆಸರು ಗೊತ್ತಿಲ್ಲ.

ಮಾರ್ಚ್ 5, ಗುರುವಾರ

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಹಿಂದೆ ಗಂಡನ ನರಳಾಟವೋ ಟಿವಿಯೋ ಏನೋ ಕೇಳುತ್ತಿತ್ತು.

"ನನ್ನ ಟ್ರೇಲಿ ಏನಾದ್ರೂ ಬಂತೇನೇ?"

ನೋಡಿಲ್ಲ ಅಕ್ಕ, ನಾಳೆ ನೋಡಿ ಹೇಳುತ್ತೇನೆ. ಇಷ್ಟು ಹೇಳಬೇಕಿತ್ತು. ನಾಲ್ಕು ಸೋಮವಾರ ಕಳೆದಿವೆ, ಒಂದು ಸಲವೂ ನೋಡಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಏನೂ ಇಲ್ಲ ಅಕ್ಕ. ಹನಿ ಎಲ್ಲಾ ಒಣಗಿಹೋಗಿದೆ."

"ಎಲ್ಲಾನೂ? ಹದಿನೇಳನೇದೂ?"

"ಹೂಂ ಅಕ್ಕ. ಅದೂ."

"ಹೋಗ್ಲಿ ಬಿಡು. ಎಸೆದ್ಬಿಡು. ಟ್ರೇ ತೊಳೆದು ನೀನೇ ಬಳಸ್ಕೋ" ಅಂದಳು. ನಮ್ಮಮ್ಮನ ಕಣ್ಣು ಹೇಗಿದೆ ಎಂದು ಕೂಡ ವಿಚಾರಿಸಿದಳು.

ಹೇಗೂ ಒಣಗಿಯೇ ಇರುತ್ತದೆ. ನಾಳೆ ನೋಡಿದರೆ ನನ್ನ ಮಾತು ನಿಜವಾಗುತ್ತದೆ, ಆಗ ಅದು ಸುಳ್ಳಲ್ಲ. ಹೀಗೆ ಅಂದುಕೊಂಡೇ ಊಟ ಮಾಡಿದೆ.

ಮಾರ್ಚ್ 6, ಶುಕ್ರವಾರ

ಬೆಳಿಗ್ಗೆ ಯಾರೂ ಬರುವ ಮುಂಚೆ ಹೋದೆ. ಮೊದಲನೇ ಗುಳಿ: ಲೋಳೆ. ಎರಡು, ಮೂರು, ನಾಲ್ಕು: ಲೋಳೆ. ಐದರಿಂದ ಹತ್ತು ಒಣಗಿ ಚಕ್ಕೆ ಎದ್ದಿದ್ದವು. ನನಗೆ ಖುಷಿಯಾಯಿತು. ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಹದಿನೇಳನೆಯದರಲ್ಲಿ ಹರಳಿತ್ತು.

ಒಂದೇ ಒಂದು. ಉದ್ದನೆಯ, ತೆಳ್ಳನೆಯ, ಅಂಚು ನೇರವಾಗಿ ಕತ್ತರಿಸಿದಂಥ ಹಾಳೆ. ಮೈಕ್ರೋಸ್ಕೋಪಿನ ಗಾಜು ತಿರುಗಿಸಿದಂತೆ ನೀಲಿಯಾಗಿ, ಹಳದಿಯಾಗಿ, ಕತ್ತಲಾಗಿ, ಮತ್ತೆ ನೀಲಿಯಾಯಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಹನಿ ಅಲ್ಲಾಡೀತು ಎಂದು ಮೇಜಿನಿಂದ ಹಿಂದೆ ಸರಿದೆ.

ಮೊದಲು ಕೈ ಹೋದದ್ದು ಫೋನಿಗೇ. ಇದನ್ನು ಬರೆದಿಡಬೇಕು. ಅಕ್ಕನ ನಂಬರ್ ತೆಗೆದೆ. ಏನೆಂದು ಹೇಳಲಿ? ನಿನ್ನೆ ಎಲ್ಲಾ ಒಣಗಿದೆ ಎಂದವಳು ಇವತ್ತು ಹರಳು ಬಂದಿದೆ ಎಂದರೆ? ಫೋನನ್ನು ಮತ್ತೆ ಕೋಟಿನ ಜೇಬಿಗೆ ಹಾಕಿಕೊಂಡೆ.

ಮುಚ್ಚಳದ ಮೇಲೆ ಅಕ್ಕನ ಚಿತ್ರಗಳಿದ್ದವು. ಎಲ್ಲರೂ ಅಂಕಿ ಬರೆದರೆ ಇವಳು ಚಿತ್ರ ಬರೆಯುತ್ತಾಳೆ: ಮೀನು, ಛತ್ರಿ, ಕೀಲಿ. ಹದಿನೇಳರ ಮೇಲೆ ಹಿಡಿಯಿರುವ ಒಂದು ಪುಟ್ಟ ಪಾತ್ರೆ, ಅದರ ಮೇಲೆ ಡೊಂಕು ಡೊಂಕಾದ ಗೆರೆಗಳು. ತೊಳೆಯುವ ಟ್ರೇ ತಾನೇ ಎಂದುಕೊಂಡು ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಆ ಜಾಗದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ, ಒಂದು ತಾರೀಕು ಬರೆದೆ.

ಮಾರ್ಚ್ 7, ಶನಿವಾರ

ಎಸೆದುಬಿಡು ಎಂದದ್ದು ಅವಳೇ. ಎಸೆದದ್ದನ್ನು ಎತ್ತಿಕೊಂಡರೆ ಅದಕ್ಕೆ ಏನು ಹೆಸರು?

ಬಹುಶಃ ಉಪ್ಪಿರಬೇಕು. ಉಪ್ಪೇ ಆಗಲಿ, ದೇವರೇ.

ಮಾರ್ಚ್ 11, ಬುಧವಾರ

ಎಕ್ಸ್‌ರೇ ಯಂತ್ರ ನಡೆಸುವವನಿಗೆ ನಾವು ಇಟ್ಟ ಹೆಸರು ಕಿರಣಪ್ಪ. ಯಾರು ಏನು ತಂದರೂ ಅವನದು ಒಂದೇ ಮಾತು.

"ಉಪ್ಪು. ಇಲ್ಲಿಗೆ ಬರೋದ್ರಲ್ಲಿ ಮುಕ್ಕಾಲು ಪಾಲು ಉಪ್ಪೇ. ಕಣ್ಣೀರು ಹಾಕೋದಾದ್ರೆ ಹೊರಗೆ ಹೋಗಿ ಹಾಕಿ, ಯಂತ್ರಕ್ಕೆ ಆಗಲ್ಲ."

ಹರಳನ್ನು ಕೂದಲೆಳೆಯ ಕುಣಿಕೆಯಲ್ಲಿ ಎತ್ತಿ ಕೂರಿಸಿ, ಕಿರಣ ಬಿಟ್ಟ. ಪರದೆಯ ತುಂಬ ಚುಕ್ಕೆ. ಉಪ್ಪಾದರೆ ಬೆರಳೆಣಿಕೆಯಷ್ಟೇ ಇರುತ್ತದೆ; ಇಲ್ಲಿ ಅಂಚಿನವರೆಗೂ ಸಾಲು ಸಾಲು ಚುಕ್ಕೆ. ಕಿರಣಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಉಪ್ಪಲ್ಲ" ಎಂದ, ಬೇಜಾರಾದವನ ಹಾಗೆ.

ಮೇಷ್ಟ್ರು ಓಡಿ ಬಂದರು. ಅರವತ್ತು ದಾಟಿದವರು ಮೆಟ್ಟಿಲಲ್ಲಿ ಓಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಚುಕ್ಕೆಗಳನ್ನು ನೋಡಿ, ನನ್ನ ಕೈ ಹಿಡಿದುಕೊಂಡು, ಎಲ್ಲರ ಮುಂದೆ ಎತ್ತಿ ತೋರಿಸಿದರು.

"ಕೈಗುಣ ಅಂದ್ರೆ ಇದು! ಪುಸ್ತಕ ಓದಿದ್ರೆ ಬರಲ್ಲ, ಕೈಯಲ್ಲೇ ಇರ್ಬೇಕು."

ಎಲ್ಲರೂ ಚಪ್ಪಾಳೆ ಹೊಡೆದರು. ಹೇಗೆ ಬೆಳೆಸಿದೆ ಎಂದು ಮೇಷ್ಟ್ರು ಕೇಳಿದಾಗ ನನ್ನ ಹಳೆಯ ಟ್ರೇಯ ಲೆಕ್ಕವನ್ನೇ ಒಪ್ಪಿಸಿದೆ: ಇಷ್ಟು ಆಲ್ಕೋಹಾಲು, ಇಷ್ಟು ನೀರು. ಗಟಗಟ ಬಂತು ಮಾತು. ನನ್ನ ಹರಳಿನ ಸುದ್ದಿ ಸಂಜೆಯೊಳಗೆ ಕಟ್ಟಡದ ನಾಲ್ಕೂ ಮಹಡಿ ಸುತ್ತಿ ಬಂದಿತ್ತು.

ಮಾರ್ಚ್ 20, ಶುಕ್ರವಾರ

ಪಕ್ಕದ ಲ್ಯಾಬಿನ ಹೆಂಗಸು ತನ್ನ ಟ್ರೇ ಹಿಡಿದುಕೊಂಡು ಬಂದಿದ್ದಳು. ಏನೂ ಮಾಡಬೇಡಿ, ಸುಮ್ಮನೆ ಒಂದು ಸಲ ಮುಟ್ಟಿ ಕೊಡಿ ಎಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಮುಟ್ಟಿ ಕೊಟ್ಟೆ. ಇಂಥ ದಿನವೂ ಬಂತು ನನಗೆ.

ಮನೆಗೆ ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು. ಪೋಣಿಸಿ ಕೊಟ್ಟೆ.

"ನಿಮ್ಮ ಅಕ್ಕನಿಗೆ ಫೋನ್ ಮಾಡಿದ್ದೆ. ಹೊಲಿದ ಬಟ್ಟೆ ಇಲ್ಲೇ ಇದೆಯಲ್ಲ, ಯಾವಾಗ ಬರ್ತೀಯಮ್ಮ ಅಂತ ಕೇಳೋಕೆ."

"ಏನಂದ್ಳು?"

"ಲ್ಯಾಬಿಗೆ ವಾಪಸ್ ಬರಲ್ವಂತೆ. ಮನೆ ಹತ್ರದ ಸ್ಕೂಲಲ್ಲಿ ಪಾಠ ಮಾಡೋಕೆ ಕೇಳ್ಕೊಂಡಿದಾಳೆ. ಹನ್ನೆರಡು ವರ್ಷ ಮಾಡಿದೆ ಆಂಟಿ, ನನಗೆ ಕೈಗುಣ ಇಲ್ಲ, ಇದ್ದಿದ್ರೆ ಕೊನೇ ಟ್ರೇಲಾದ್ರೂ ಬರ್ತಿತ್ತು ಅಂದ್ಳು. ಪಾಪ." ಅಮ್ಮ ಪೆಡಲ್ ತುಳಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನೀನು ಈಚೆಗೆ ಅವಳ ಮಾತೇ ಎತ್ತಲ್ಲ. ಜಗಳ ಆಡಿದ್ಯಾ?"

"ಇಲ್ಲಮ್ಮ, ಕೆಲಸ ಜಾಸ್ತಿ."

ಬಿಲ್ಲೆಯ ಮೇಲೆ ಹನಿ ಇಟ್ಟು ಅದನ್ನು ತಲೆಕೆಳಗು ಮಾಡುವುದನ್ನು ನನಗೆ ಕಲಿಸಿದವಳು ಅಕ್ಕ. ಮೊದಮೊದಲು ನನ್ನ ಹನಿಗಳು ಜಾರಿ ಬೀಳುತ್ತಿದ್ದವು. ಪೂರ್ತಿ ಉಸಿರು ಬಿಡು, ಆಮೇಲೆ ತಿರುಗಿಸು ಅನ್ನುತ್ತಿದ್ದಳು. ಈಗಲೂ ಪ್ರತಿ ಹನಿಗೂ ಹಾಗೆಯೇ ಉಸಿರು ಬಿಡುತ್ತೇನೆ.

ಸ್ಕೂಲಿನ ಕೆಲಸವೂ ಒಳ್ಳೆಯದೇ. ಮನೆಗೆ ಹತ್ತಿರ, ಗಂಡನನ್ನೂ ನೋಡಿಕೊಳ್ಳಬಹುದು. ಅವಳಿಗೆ ಮಕ್ಕಳೆಂದರೆ ಇಷ್ಟ. ನಾಲ್ಕು ಸಲ ಇದನ್ನೇ ಹೇಳಿಕೊಂಡೆ.

ಮಾರ್ಚ್ 27, ಶುಕ್ರವಾರ

ಅಣುವಿನ ನಕ್ಷೆ ಬಂತು. ಮೇಷ್ಟ್ರೂ ನಾನೂ ಕಂಪ್ಯೂಟರಿನ ಮುಂದೆ ಕೂತು, ನೀಲಿ ಬಲೆಯಂಥ ನಕ್ಷೆಯೊಳಗೆ ಪೆಪ್ಟೈಡನ್ನು ಒಂದೊಂದೇ ಮಣಿಯಾಗಿ ಕೂರಿಸುತ್ತ ಹೋದೆವು. ನಾಲ್ಕೂ ಕೂತವು. ಸಾಲಿನ ಪಕ್ಕ ಸಾಲು, ಕೈಗೆ ಕೈ. ಎರಡು ವರ್ಷ ಊಹಿಸಿದ್ದು ಕಣ್ಣೆದುರು.

ಆದರೆ ಎರಡು ಸಾಲುಗಳ ನಡುವೆ ಇನ್ನೊಂದು ಏನೋ ಕೂತಿತ್ತು. ನಮ್ಮದಲ್ಲದ್ದು.

"ಇದ್ಯಾರಮ್ಮ ಈ ನೆಂಟರು?" ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆರು ಮೂಲೆಯ ಒಂದು ಬಳೆ, ಅದಕ್ಕೆ ಅಂಟಿಕೊಂಡು ಐದು ಮೂಲೆಯದು, ಸುತ್ತ ಮೂರು ಪುಟ್ಟ ಬಾಲ. "ಏನು ಹಾಕಿದ್ದೆ ಇದಕ್ಕೆ?"

"ಏನೂ ಇಲ್ಲ ಸರ್."

ಅವರು ಕಾಗದದ ಮೇಲೆ ಅದನ್ನು ಬರೆದರು. ಬರೆಯುತ್ತಲೇ ಜೋರಾಗಿ ನಕ್ಕರು. "ಕೆಫೀನ್ ಕಣಮ್ಮ ಇದು! ಕಾಫಿ ಚೆಲ್ಲಿದ್ಯಾ ಟ್ರೇ ಮೇಲೆ?"

ನಾನೂ ನಕ್ಕೆ. "ಇರಬಹುದು ಸರ್" ಎಂದೆ.

ಹಿಡಿಯಿರುವ ಪುಟ್ಟ ಪಾತ್ರೆ. ಮೇಲೆ ಡೊಂಕು ಗೆರೆ. ಅದು ಕಾಫಿ ಕಪ್ ಎಂದು ನನಗೆ ನಗುತ್ತಿರುವಾಗಲೇ ಹೊಳೆಯಿತು. ಪೆಪ್ಟೈಡಿನ ಸಾಲುಗಳು ಒಂದರ ಮೇಲೊಂದು ಬೀಳುವ ಆತುರಕ್ಕೆ ಅಕ್ಕ ನಡುವೆ ಬೇರೊಬ್ಬರನ್ನು ಕೂರಿಸಿ ನಿಧಾನ ಮಾಡಿಸಿದ್ದಾಳೆ. ಚೆಲ್ಲಿದ್ದಲ್ಲ. ಯೋಚಿಸಿ, ಅಳೆದು, ಹಾಕಿದ್ದು. ಅದಕ್ಕೇ ಫೋನಿನಲ್ಲಿ ಹದಿನೇಳನೆಯದೂ ಒಣಗಿದೆಯಾ ಎಂದು ಕೇಳಿದ್ದಳು.

ಮೇಷ್ಟ್ರು ಬೆನ್ನು ತಟ್ಟಿದರು. "ಕೈಗುಣ ಇದ್ದವರಿಗೆ ಕಾಫಿ ಚೆಲ್ಲಿದ್ರೂ ಹರಳಾಗುತ್ತೆ ನೋಡು" ಎಂದರು. ಬೆನ್ನು ಈಗಲೂ ಉರಿಯುತ್ತಿದೆ.

ಏಪ್ರಿಲ್ 9, ಗುರುವಾರ

ಮೇಷ್ಟ್ರಿಗೆ ಇನ್ನೊಂದು ಹರಳು ಬೇಕು. ಮೊದಲನೆಯದು ಕಿರಣ ತಿಂದು ತಿಂದು ಸೀಳಿದೆ. "ಒಂದನ್ನೇ ನಂಬ್ಕೊಂಡು ವಿಜ್ಞಾನ ಪತ್ರಿಕೆಗೆ ಕಳಿಸೋಕಾಗಲ್ಲ. ಮತ್ತೆ ಬೆಳೆಸು, ಕೆಲಸ ಯಾರಿಗೆ ಅಂತ ತೀರ್ಮಾನಿಸೋ ಮೇ ತಿಂಗಳ ಕಮಿಟಿ ಮುಂದೆ ಇಡೋಣ" ಎಂದಿದ್ದಾರೆ.

ಹತ್ತು ದಿನದಲ್ಲಿ ಒಂಬತ್ತು ಟ್ರೇ ಇಟ್ಟೆ. ಕಪಾಟಿನಿಂದ ಕೆಫೀನ್ ಬಾಟಲಿ ತಂದು ಜಾಸ್ತಿ ಹಾಕಿದೆ, ಕಡಿಮೆ ಹಾಕಿದೆ, ಮೊದಲು ಹಾಕಿದೆ, ಕೊನೆಗೆ ಹಾಕಿದೆ. ಲೋಳೆ. ಲೋಳೆ. ಬರೀ ಲೋಳೆ. ಆ ಚಿತ್ರದಲ್ಲಿ ಇನ್ನೇನಿತ್ತು? ಡೊಂಕು ಗೆರೆ ಎರಡಿತ್ತೋ ಮೂರೋ? ಒರೆಸಿದ ಜಾಗವನ್ನು ಟಾರ್ಚ್ ಹಾಕಿ ನೋಡಿದೆ. ಎಷ್ಟು ಚೊಕ್ಕವಾಗಿ ಒರೆಸಿದ್ದೇನೆ! ಬೇರೆ ಯಾವ ಕೆಲಸವನ್ನೂ ನಾನು ಇಷ್ಟು ಶುದ್ಧವಾಗಿ ಮಾಡಿಲ್ಲ.

ಏಪ್ರಿಲ್ 10, ಶುಕ್ರವಾರ

ಅಕ್ಕನನ್ನೇ ಕೇಳಿದರೆ? ಅಮ್ಮ ಹೊಲಿದ ಬಟ್ಟೆ ಕೊಡುವ ನೆಪ ಇದೆ. ಮಾತಿನ ಮಧ್ಯೆ ಸಹಜವಾಗಿ ಕೇಳಿದರಾಯಿತು.

ಏಪ್ರಿಲ್ 12, ಭಾನುವಾರ

ಅಕ್ಕನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡನೇ ಮಹಡಿ. ಅವಳ ಗಂಡ ವಾಕರ್ ಹಿಡಿದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಬನ್ನಿ, ನಾನು ಇವತ್ತು ಊರೆಲ್ಲಾ ಸುತ್ತಾಡ್ತಿದೀನಿ" ಎಂದರು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ತೆಳ್ಳಗಾಗಿದ್ದಾಳೆ.

"ಹರಳು ಬಂತಂತಲ್ಲೇ! ಮೇಷ್ಟ್ರು ಹೇಳಿದ್ರು. ನನಗೆ ನೀನು ಒಂದು ಫೋನ್ ಮಾಡ್ಬಾರದಿತ್ತಾ?" ಎಂದು ನನ್ನ ತಲೆಗೆ ಮೊಟಕಿದಳು. ಅವಳಿಗೆ ಸಂತೋಷವಾಗಿತ್ತು. ನಿಜವಾದ ಸಂತೋಷ. ನಾನು ನೆಲ ನೋಡಿದೆ.

ಕೇಳಿದೆ. ಅಕ್ಕ, ಕೆಫೀನ್ ಹಾಕಿ ನೋಡೋಣ ಅಂತಿದ್ದೀನಿ, ನೀನೇನಾದರೂ ಮಾಡಿದ್ದೆಯಾ ಎಂದು. ಎಷ್ಟು ಸಹಜವಾಗಿ ಬಂತು ಆ ಮಾತು! ಅವಳ ಕಣ್ಣು ಅರಳಿತು.

"ಅಯ್ಯೋ, ಹದಿನೇಳರಲ್ಲಿ ಅದನ್ನೇ ಮಾಡಿದ್ದು! ಆದ್ರೆ ಒಂದು ವಿಷಯ ಗೊತ್ತಾ, ತಣ್ಣಗಿದ್ರೆ ಆಗಲ್ಲ. ಎರಡನ್ನೂ ಬಿಸಿ ಮಾಡಿ, ಬಿಸಿ ಇದ್ದಾಗ್ಲೇ ಸೇರಿಸ್ಬೇಕು. ಆಮೇಲೆ ತಾನಾಗೇ ಆರಬೇಕು." ಒಂದು ಚೀಟಿಯಲ್ಲಿ ಅಳತೆ ಬರೆದು, ಕೊನೆಯಲ್ಲಿ ಅಭ್ಯಾಸಬಲದಿಂದ ಒಂದು ಕಾಫಿ ಕಪ್ ಬರೆದಳು. ಕಪ್ಪಿನ ಮೇಲೆ ಹಬೆಯ ಮೂರು ಗೆರೆ. "ಇದು ನಿನ್ನ ಕೈಲಾದ್ರೂ ಬರ್ಲಿ. ನನಗೆ ಕೈಗುಣ ಇಲ್ಲ ಕಣೇ."

ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಹೊರಟೆ. ಮೆಟ್ಟಿಲಿಳಿದೆ. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ. ಅವನಿಗೆ ಗುಳ್ಳೆ ಸಿಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಮತ್ತೆ ಮೇಲೆ ಹತ್ತಿದೆ.

ಬಾಗಿಲು ತೆಗೆದ ಅಕ್ಕನ ಕೈಗೆ ನನ್ನ ಫೋನ್ ಕೊಟ್ಟೆ. ನೀಲಿ ನಕ್ಷೆ, ಸಾಲುಗಳ ನಡುವಿನ ನೆಂಟರು. ಅವಳು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

"ಹದಿನೇಳು" ಎಂದಳು. ಪ್ರಶ್ನೆಯಲ್ಲ.

"ಹೂಂ."

"ನಾನು ಫೋನ್ ಮಾಡಿದ ದಿನ ಇದು ಬಂದಿತ್ತಾ?"

"ಗೊತ್ತಿಲ್ಲ ಅಕ್ಕ. ನೋಡಿರ್ಲಿಲ್ಲ."

"ಅದರ ಹಿಂದಿನ ಸೋಮವಾರ?"

"ಇಲ್ಲ."

"ಅದಕ್ಕೂ ಮುಂಚೆ?"

"ಒಂದ್ಸಲನೂ ನೋಡ್ಲಿಲ್ಲ ಅಕ್ಕ. ಸುಳ್ಳು ಹೇಳ್ದೆ. ಮಾರನೇ ದಿನ ಕಂಡಾಗ ನನ್ನದು ಅಂದ್ಬಿಟ್ಟೆ."

ಯಾಕೆ ಕದ್ದೆ ಎಂದು ಕೇಳುತ್ತಾಳೆ, ಕೂಗಾಡುತ್ತಾಳೆ ಎಂದು ಮೆಟ್ಟಿಲಿನುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. ಹಿಂದೆ ವಾಕರಿನ ಟಕ್ ಟಕ್ ನಿಂತುಹೋಗಿತ್ತು.

"ಆಸ್ಪತ್ರೆ ಬೆಂಚಲ್ಲಿ ಕೂತ್ಕೊಂಡು ಪ್ರತಿ ಸೋಮವಾರ ಅಂದ್ಕೋತಿದ್ದೆ, ಈಗ ನೋಡ್ತಿರ್ತಾಳೆ ಅಂತ. ಅದೊಂದು ಧೈರ್ಯ ಇತ್ತು ನನಗೆ" ಎಂದಳು.

ನಾನು ಅತ್ತೆ. ಅವಳು ಅಳಲಿಲ್ಲ. ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಆಯ್ತು, ಹೋಗಿ ಬನ್ನಿ" ಎಂದು ಬಾಗಿಲು ಹಾಕಿಕೊಂಡಳು.

ಏಪ್ರಿಲ್ 13, ಸೋಮವಾರ

ಮೇಷ್ಟ್ರಿಗೆ ಹೇಳಿದೆ. ಗೆರೆ ಎಳೆದ ಖಾಲಿ ನೋಟ್‌ಬುಕ್ಕನ್ನೂ ಅಕ್ಕನ ಚೀಟಿಯನ್ನೂ ಮೇಜಿನ ಮೇಲಿಟ್ಟೆ. ಅವರು ಖಾಲಿ ಪುಟಗಳನ್ನು ಒಂದೊಂದಾಗಿ ತಿರುವಿದರು, ಏನೋ ಬರೆದಿದೆ ಎನ್ನುವ ಹಾಗೆ.

"ಪತ್ರಿಕೆಗೆ ಅವಳ ಹೆಸರಲ್ಲಿ ಹೋಗುತ್ತೆ. ಕೆಲಸವೂ ಅವಳಿಗೇ, ಕಮಿಟಿಗೆ ನಾನೇ ಬರೀತೀನಿ" ಎಂದರು. "ನೀನು ಮೇ ಕೊನೇ ತನಕ ಇದ್ದು ಎಲ್ಲಾ ಒಪ್ಪಿಸಿ ಹೋಗು."

ಕೈಗುಣದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮನಿಗೂ ಹೇಳಿದೆ. ಅಮ್ಮ ಆ ಹೊತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಮೇ 4, ಸೋಮವಾರ

ಅಕ್ಕ ಬಂದಳು. ಅವಳ ಮೇಜನ್ನು ನಾನೇ ಮುಂಚಿತವಾಗಿ ಒರೆಸಿಟ್ಟಿದ್ದೆ. ಕಿರಣಪ್ಪ ಮೂರು ಮಹಡಿ ಹತ್ತಿ ಬಂದು, "ಉಪ್ಪಲ್ಲ ಅಂತ ಮೊದಲು ಹೇಳಿದ್ದು ನಾನು" ಎಂದು ಅವಳಿಗೆ ನೆನಪಿಸಿ ಹೋದ. ಎಲ್ಲರ ಜೊತೆ ನಕ್ಕಳು.

ಆಮೇಲೆ ನನ್ನ ಕಡೆ ತಿರುಗಿ, "ಆ ಪಿಪೆಟ್ ಸ್ವಲ್ಪ ಕೊಡ್ತೀರಾ?" ಎಂದಳು.

ಕೊಟ್ಟೆ. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರಾ ಎಂದು ಒಂದು ಕ್ಷಣ ತಿರುಗಿ ನೋಡಿದ್ದೆ. ಯಾರೂ ಇರಲಿಲ್ಲ. ನಾಲ್ಕು ವರ್ಷ 'ಕಣೇ' ಅಂದವಳು. ಮಧ್ಯಾಹ್ನ "ಥ್ಯಾಂಕ್ಸ್ ರೀ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಿಸಿ ಇದ್ದಾಗಲೇ ಸೇರಿಸಿ ಒಂದು ಟ್ರೇ ಇಟ್ಟಿದ್ದಾಳೆ. ಮುಚ್ಚಳದ ಮೇಲೆ ಇಪ್ಪತ್ತನಾಲ್ಕು ಕಾಫಿ ಕಪ್.

ಮೇ 25, ಸೋಮವಾರ

ನನಗೆ ಇದು ಕೊನೆಯ ವಾರ.

ಅಕ್ಕನ ಟ್ರೇಯನ್ನು ಯಾರೂ ಹೇಳದೆ ಪ್ರತಿ ಸೋಮವಾರ ನೋಡುತ್ತಿದ್ದೇನೆ. ಮೇಷ್ಟ್ರು ವಾಪಸ್ ಕೊಟ್ಟ ಆ ನೋಟ್‌ಬುಕ್ಕಿನಲ್ಲಿ ಫೆಬ್ರವರಿ, ಮಾರ್ಚ್, ಏಪ್ರಿಲ್ ಖಾಲಿ; ಮೇ ತಿಂಗಳಿಗೆ ನಾನೇ ಗೆರೆ ಎಳೆದು ತುಂಬಿದ್ದೇನೆ. ಹೋದ ವಾರ ಆರನೇ ಗುಳಿಯಲ್ಲಿ ಹರಳು ಬಂದಿತ್ತು, ಹನ್ನೊಂದರಲ್ಲಿ ಇನ್ನೊಂದು. ಇವತ್ತು ಬೆಳಿಗ್ಗೆಯೂ ಕೂತು ನೋಡಿದೆ. ಕಣ್ಣು ನೋಯುವವರೆಗೆ, ಅಂಚು ಅಂಚನ್ನೂ ನೋಡಿದೆ. ಹೊಸದೇನೂ ಇಲ್ಲ. ಬರೆದಿಟ್ಟೆ.

ಹತ್ತು ಗಂಟೆಗೆ ಅಕ್ಕ ಬಂದಳು. ಕೋಟು ಹಾಕಿಕೊಳ್ಳುತ್ತ ಕೇಳಿದಳು.

"ನೋಡಿದ್ರಾ?"

"ನೋಡ್ದೆ ಅಕ್ಕ. ಆರು, ಹನ್ನೊಂದು ಹಾಗೇ ಇವೆ. ಹೊಸದು ಬಂದಿಲ್ಲ."

"ಸರಿ. ಥ್ಯಾಂಕ್ಸ್."

ನೋಟ್‌ಬುಕ್ ತೆಗೆದು ನಾನು ಬರೆದದ್ದನ್ನು ಓದಿದಳು. ಓದಿ ಮುಚ್ಚಿಟ್ಟಳು. ಆಮೇಲೆ ಹದಿನೆಂಟು ಡಿಗ್ರಿಯ ಕೋಣೆಗೆ ಹೋಗಿ, ಟ್ರೇಯನ್ನು ಮೆಲ್ಲಗೆ ಎತ್ತಿಕೊಂಡು ಬಂದು, ಮೈಕ್ರೋಸ್ಕೋಪಿನ ಮುಂದೆ ಕೂತು, ಒಂದರಿಂದ ಇಪ್ಪತ್ತನಾಲ್ಕರವರೆಗೆ ಎಲ್ಲವನ್ನೂ ತಾನೇ ನೋಡಿದಳು.